ನಂಜುಂಡನ ಹರಕೆಗೆ ಕೆರಿಬಿಯನ್‌ನಲ್ಲಿ ಮುಳುಗಿದ್ದು

ಹರಕೆ ಹೊರುವುದಕ್ಕೂ ಒಂದು ಕ್ರಮವಿದೆ. ಏನು ಕೊಡುತ್ತೇವೆ, ಎಷ್ಟು ಕೊಡುತ್ತೇವೆ, ಯಾವಾಗ ಕೊಡುತ್ತೇವೆ ಎಂದು ದೇವರಿಗೆ ಬಾಯಿಬಿಟ್ಟು ಹೇಳಿಬಿಡಬೇಕು. ಕಾಯಿ ಒಡೆಸುವುದಾದರೆ ಎಷ್ಟು ಕಾಯಿ, ಉರುಳು ಸೇವೆಯಾದರೆ ಎಷ್ಟು ಸುತ್ತು, ಎಲ್ಲ ಮೊದಲೇ ತೀರ್ಮಾನವಾಗಿರಬೇಕು. ಮೈಸೂರಿನಲ್ಲಿ ನಮ್ಮಮ್ಮ ಸಾರಿಗೆ ಒಗ್ಗರಣೆ ಹಾಕುವುದನ್ನು ಕಲಿಸಿದ ಹಾಗೆಯೇ ಇದನ್ನೂ ಕಲಿಸಿದ್ದರು. “ದೇವರ ಹತ್ರ ಅಳತೆ ಇಲ್ದೆ ಮಾತು ಕೊಡ್ಬೇಡ ಕಣೇ. ಅವನೇನೋ ಕೊಟ್ಟುಬಿಡ್ತಾನೆ, ಆಮೇಲೆ ಒದ್ದಾಡೋಳು ನೀನು” ಎನ್ನುತ್ತಿದ್ದರು.

ಆಸ್ಟ್ರೇಲಿಯಾಕ್ಕೆ ಬಂದ ಮೇಲೂ ನಾನು ಆ ಕ್ರಮ ತಪ್ಪಿದವಳಲ್ಲ. ಇಲ್ಲೇ ಕಾಯಂ ನೆಲೆಸಲು ಪಿಆರ್ ಸಿಗಲೆಂದು ಹೊತ್ತ ಹರಕೆಗೆ ಅಳತೆ ಇತ್ತು. ಮಗಳ ಡ್ರೈವಿಂಗ್ ಲೈಸೆನ್ಸಿಗೆ ಹೊತ್ತಿದ್ದಕ್ಕೂ ಇತ್ತು. ಅವಳು ಮತ್ತೆ ಮತ್ತೆ ಫೇಲಾದದ್ದರಿಂದ ದೇವರು ಸ್ವಲ್ಪ ಕಾಯಬೇಕಾಯಿತು, ಅಷ್ಟೆ. ಇಷ್ಟು ಹುಷಾರಿನ ನಾನು ಬಾಕ್ಸ್ ಹಿಲ್‌ನ ಆಸ್ಪತ್ರೆಯ ಕಾರಿಡಾರಿನಲ್ಲಿ, ಚಿಪ್ಸ್ ಮಾರುವ ಮೆಷಿನ್ನಿನ ಎದುರು ನಿಂತು, ಅಳತೆಯಿಲ್ಲದ ಹರಕೆ ಹೊತ್ತುಬಿಟ್ಟೆ.

ನಾವಿರುವುದು ಸಿಡ್ನಿಯ ದಿ ಪಾಂಡ್ಸ್‌ನಲ್ಲಿ. ಮಗಳು ಕೆಲಸದ ಮೇಲೆ ಮೆಲ್ಬರ್ನ್‌ಗೆ ಹೋಗಿ ಬಾಕ್ಸ್ ಹಿಲ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಹಿಡಿದಿದ್ದಳು. ಅವಳಿಗೆ ಪುಸ್ತಕದ ಶೆಲ್ಫ್ ಜೋಡಿಸಿಕೊಡುತ್ತೇನೆಂದು ನಮ್ಮ ಮನೆಯವರು ನೆಲದ ಮೇಲೆ ಕೂತಿದ್ದವರು ಇದ್ದಕ್ಕಿದ್ದಂತೆ ಎದೆ ಹಿಡಿದುಕೊಂಡರು. ಆಸ್ಪತ್ರೆ ಅವಳ ಬಾಲ್ಕನಿಗೆ ಕಾಣುವಷ್ಟು ಹತ್ತಿರವಿತ್ತು, ಅದು ಮೊದಲನೆಯ ಕೃಪೆ. ಆಂಬುಲೆನ್ಸಿನಲ್ಲಿ, ಟ್ರಾಲಿಯಲ್ಲಿ, ಎಲ್ಲಿಯೂ ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬಿಡಲಿಲ್ಲ. ಕೊನೆಗೆ ಒಬ್ಬ ನರ್ಸಮ್ಮ ಮಗುವಿನ ಕೈಯಿಂದ ಗಿಲಕಿ ಬಿಡಿಸುವಂತೆ ಬಿಡಿಸಿ ನನ್ನ ಕೈಗೆ ಕೊಟ್ಟು, ಅವರನ್ನು ಒಳಗೆ ಕರೆದುಕೊಂಡು ಹೋದರು.

ನಾನು ಆ ಸ್ಕ್ರೂಡ್ರೈವರನ್ನು ಎರಡು ಕೈಯ ನಡುವೆ ಇಟ್ಟುಕೊಂಡು ಕಣ್ಣು ಮುಚ್ಚಿದೆ. ನಂಜನಗೂಡು ಯಾವ ದಿಕ್ಕಿಗೆ ಎಂಬುದು ಹೊಳೆಯಲಿಲ್ಲ. ಮೆಷಿನ್ ಇದ್ದ ದಿಕ್ಕಿಗೇ ತಿರುಗಿದೆ. “ನಂಜುಂಡಪ್ಪ, ವೈದ್ಯರಿಗೆಲ್ಲ ವೈದ್ಯ ನೀನು. ಇವರನ್ನ ಉಳಿಸಿಕೊಡು. ಇವರ ಮನಸ್ಸಿನಲ್ಲಿ ತೀರದೆ ಉಳಿದಿರೋ ದೊಡ್ಡ ಆಸೆ ಯಾವುದೇ ಇರ್ಲಿ, ನಾನೇ ಮುಂದೆ ನಿಂತು ತೀರಿಸ್ತೀನಿ” ಎಂದೆ.

ಯಾವುದೇ ಇರಲಿ! ಅಮ್ಮ ಬದುಕಿದ್ದರೆ ತಲೆಯ ಮೇಲೆ ಕುಟ್ಟುತ್ತಿದ್ದರು. ಆದರೆ ನನ್ನ ಲೆಕ್ಕ ನನಗಿತ್ತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಊಟಕ್ಕೆ ಕೂತವರು ಉಪ್ಪು ಬೇಕೆಂದು ಕೇಳಿದವರಲ್ಲ. ಇಂಥವರ ಮನಸ್ಸಿನಲ್ಲಿ ಏನು ಮಹಾ ಆಸೆ ಇರುತ್ತದೆ? ಹೆಚ್ಚೆಂದರೆ ಕಾಶಿ. ಇಲ್ಲವೇ ಹಿತ್ತಿಲಿನಲ್ಲಿ ಒಂದು ಶೆಡ್.

ಸ್ಟೆಂಟ್ ಹಾಕಿದರು. ಉಳಿದುಕೊಂಡರು. ನಂಜುಂಡ ತನ್ನ ಪಾಲಿನ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಬಿಟ್ಟ.

ಸಿಡ್ನಿಗೆ ವಾಪಸಾಗಿ, ಅವರು ಬೆಳಗಿನ ವಾಕಿಂಗಿಗೆ ಹೋಗುವಷ್ಟು ಚೇತರಿಸಿಕೊಂಡ ಮೇಲೆ ಒಂದು ದಿನ ಕಾಫಿ ಕೊಡುತ್ತಾ ಹರಕೆಯ ವಿಷಯ ತೆಗೆದೆ.

“ಯಾವ್ದೇ ಆಸೆನಾ?” ಎಂದರು.

“ಯಾವ್ದೇ ಆಸೆ.”

“ಆಮೇಲೆ ಹಂಗಲ್ಲ ಹಿಂಗಲ್ಲ ಅನ್ನೋ ಹಾಗಿಲ್ಲ.”

“ನಂಜುಂಡನ ಹತ್ರ ಮಾತು ತಪ್ಪೋಕಾಗತ್ತೇನ್ರೀ? ಕಾಶಿ ತಾನೆ? ಹೇಳಿ.”

ಅವರು ಲೋಟ ಕೆಳಗಿಟ್ಟರು. ಮೈಸೂರಿನಲ್ಲಿ ಕಾಲೇಜು ಓದುವಾಗ ಅವರು ಕ್ಷೌರಕ್ಕೆ ಹೋಗುತ್ತಿದ್ದ ಅಂಗಡಿಯಲ್ಲಿ ಒಂದು ಕ್ಯಾಲೆಂಡರ್ ಇತ್ತಂತೆ. ವರ್ಷ ಮುಗಿದರೂ ಅಂಗಡಿಯವನು ತೆಗೆದಿರಲಿಲ್ಲವಂತೆ. ಅದರಲ್ಲಿ ನೀಲಿ ನೀರಿನೊಳಗೆ ಒಬ್ಬ ಮನುಷ್ಯ, ಅವನ ಮುಖಕ್ಕೆ ಮುಖ ಕೊಟ್ಟು ಒಂದು ಮೀನು. ಕೆಳಗೆ ಕೆರಿಬಿಯನ್ ಎಂದು ಬರೆದಿತ್ತಂತೆ. ಬೆನ್ನಿಗೊಂದು ಬ್ಯಾಗು ಹಾಕಿಕೊಂಡು ಅಂಥ ದ್ವೀಪಕ್ಕೆ ಹೋಗಬೇಕು, ಹುಡುಗರು ಉಳಿಯುವ ಅಗ್ಗದ ಜಾಗದಲ್ಲಿ ಉಳಿಯಬೇಕು, ದೋಣಿಯಲ್ಲಿ ಕೂತು ಗಾಳ ಹಾಕಬೇಕು, ಕೊನೆಗೆ ನೀರಿನೊಳಗೆ ಇಳಿದು ಒಂದು ಮೀನನ್ನು ಮುಖಾಮುಖಿ ನೋಡಬೇಕು. ಇಷ್ಟು ಅವರ ಆಸೆ. ತಂಗಿಯರ ಮದುವೆ, ನಮ್ಮ ಮದುವೆ, ವೀಸಾ, ಮಾರ್ಟ್‌ಗೇಜ್ ಎಂದು ಬ್ಯಾಗಿಗೆ ಬೆನ್ನೇ ಬಿಡುವಾಗಿರಲಿಲ್ಲ.

“ರೀ, ಮ್ಯಾನ್ಲಿಯಲ್ಲೂ ಸಮುದ್ರ ಇದೆ. ಬೆಳಗ್ಗೆ ಹೋಗಿ ಸಾಯಂಕಾಲ ದೀಪ ಹಚ್ಚೋ ಹೊತ್ತಿಗೆ ಬರಬಹುದು.”

“ಕ್ಯಾಲೆಂಡರಿನಲ್ಲಿ ಮ್ಯಾನ್ಲಿ ಇರಲಿಲ್ಲ.”

“ಆಸ್ಟ್ರೇಲಿಯಾ ಪೂರ್ತಿ ಸುತ್ತಲೂ ಸಮುದ್ರವೇ ಅಲ್ವೇನ್ರೀ?”

“ನೀನು ಧರ್ಮಸ್ಥಳಕ್ಕೆ ಹರಕೆ ಹೊತ್ತು ಟೂಂಗಾಬಿಯಲ್ಲಿ ತೀರಿಸ್ತೀಯಾ?”

ನಾನು ಟೂಂಗಾಬಿಗೇ ಫೋನ್ ಮಾಡಿದೆ. ನಮ್ಮ ಮನೆಗೆ ಹತ್ತಿರದ ಆ ಬಡಾವಣೆಯಲ್ಲಿ ನಮ್ಮ ಪುರೋಹಿತರಿದ್ದಾರೆ. ವಾರದ ದಿನಗಳಲ್ಲಿ ಸಾಫ್ಟ್‌ವೇರ್ ಕೆಲಸ, ಶನಿವಾರ ಭಾನುವಾರ ಸತ್ಯನಾರಾಯಣ ಪೂಜೆ. ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವರು. ಹರಕೆಯನ್ನು ರುದ್ರಾಭಿಷೇಕಕ್ಕೆ ಬದಲಾಯಿಸಲು ಬರುತ್ತದೆಯೇ ಎಂದು ಕೇಳಿದೆ.

“ಆಂಟಿ, ಸ್ಕೋಪ್ ಬರ್ಕೊಳ್ದೆ ಪ್ರಾಜೆಕ್ಟ್ ಒಪ್ಕೊಂಡಿದ್ದೀರಿ. ಈಗ ಕ್ಲೈಂಟ್ ಕೇಳಿದ್ದು ಕೊಡ್ಲೇಬೇಕು.”

“ಕ್ಲೈಂಟ್ ನಂಜುಂಡ ತಾನೆ? ಅವನಿಗೆ ಅಭಿಷೇಕ ಇಷ್ಟ.”

“ನಂಜುಂಡ ಡೆಲಿವರಿ ಕೊಟ್ಟು ಸೈನ್ ಆಫ್ ಆಗ್ಬಿಟ್ಟ ಆಂಟಿ. ಈಗ ಅಂಕಲ್ಲೇ ಕ್ಲೈಂಟ್. ಅವರು ತಮ್ಮ ಬಾಯಲ್ಲಿ ‘ತೀರಿತು’ ಅನ್ಬೇಕು. ಅಲ್ಲಿವರೆಗೂ ನಿಮ್ಮ ತಲೆ ಮೇಲೇ ಇರತ್ತೆ.”

ತಲೆಯ ಮೇಲೆ ಹರಕೆ ಇಟ್ಟುಕೊಂಡು ಓಡಾಡುವ ಧೈರ್ಯ ನನಗಿಲ್ಲ. ಕೊಟ್ಟವನು ಒಂದು ದಿನ ವಾಪಸ್ ಕೇಳಿದರೆ? ಅವರು ಮೆಟ್ಟಿಲು ಹತ್ತಿ ಸ್ವಲ್ಪ ಏದುಸಿರು ಬಿಟ್ಟರೂ ನನಗೆ ಆ ಚಿಪ್ಸ್ ಮೆಷಿನ್ ಕಣ್ಣ ಮುಂದೆ ಬರುತ್ತಿತ್ತು. ಹೃದಯದ ಡಾಕ್ಟರನ್ನು ಕೇಳಿದೆವು. ಪ್ರಯಾಣ ಮಾಡಬಹುದು ಎಂದರು. ಮುಳುಗಬಹುದೇ ಎಂದು ನಾನು ಕೇಳಲಿಲ್ಲ, ನನಗೆ ತೋಚಲಿಲ್ಲ. ನಮ್ಮ ಮನೆಯವರೂ ಕೇಳಲಿಲ್ಲ, ಅವರಿಗೆ ತೋಚಿತ್ತು.

ಮಗಳು ಫೋನಿನಲ್ಲಿ ಮೊದಲು ನಕ್ಕಳು, ಆಮೇಲೆ ಗಾಬರಿಯಾದಳು. “ಅಮ್ಮಾ, ಬ್ಯಾಕ್‌ಪ್ಯಾಕಿಂಗ್? ಯೂ? ನನ್ನ ಮನೆಗೆ ಎರಡು ದಿನ ಬರೋಕೆ ಇಡ್ಲಿ ಸ್ಟ್ಯಾಂಡ್ ತರ್ತೀಯ!” ನಮ್ಮ ದಿ ಪಾಂಡ್ಸ್‌ನ ಭಜನೆಯ ಗುಂಪಿನವರು ದೊಡ್ಡ ಹಡಗಿನ ಕ್ರೂಸ್ ಎಂದುಕೊಂಡು ಕಂಗ್ರಾಟ್ಸ್ ಹೇಳಿದರು. ಕ್ರೂಸಲ್ಲ, ಬೆನ್ನಿನ ಮೇಲೆ ಮೂಟೆ ಹೊತ್ತು ಹೋಗುವುದು ಎಂದಾಗ ಒಬ್ಬರು ನನ್ನ ಕೈ ಹಿಡಿದು, “ಮನೇಲಿ ಏನಾದ್ರೂ ತೊಂದ್ರೆನಾ?” ಎಂದು ಮೆಲ್ಲಗೆ ಕೇಳಿದರು.

ಹೊರಟೆವು. ಇಡ್ಲಿ ಸ್ಟ್ಯಾಂಡ್ ಒಯ್ಯಲಿಲ್ಲ. ಪುಳಿಯೋಗರೆ ಗೊಜ್ಜು, ಸಾರಿನ ಪುಡಿ, ಮೆಣಸು, ಜೀರಿಗೆ, ಒಂದು ಹೊಸ ಪಾತ್ರೆ, ನಂಜುಂಡೇಶ್ವರನ ಫೋಟೊ, ವಿಭೂತಿ, ಇಷ್ಟೇ. ಬ್ಯಾಗಿನ ಪಟ್ಟಿಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ತಿಳಿಯದೆ ವಿಮಾನ ನಿಲ್ದಾಣದಲ್ಲಿ ನಾನು ಅದರೊಳಗೆ ಸಿಕ್ಕಿಹಾಕಿಕೊಂಡೆ. ವಿಮಾನ ಬದಲಿಸಿ, ಮತ್ತೆ ಬದಲಿಸಿ, ಕೊನೆಗೆ ಒಂದು ದೋಣಿ ಹತ್ತಿ ದ್ವೀಪ ಮುಟ್ಟಿದಾಗ ಇಬ್ಬರಿಗೂ ಕಾಲು ಊದಿತ್ತು. ಗೊಜ್ಜಿನ ಡಬ್ಬಿ ಒಡೆದಿರಲಿಲ್ಲ.

ನಾವು ಉಳಿದ ಹಾಸ್ಟೆಲ್ ಒಂದು ಕುಟುಂಬದ್ದು. ಯಜಮಾನಿ ನನ್ನ ವಯಸ್ಸಿನ ದೊಡ್ಡ ಮೈಕಟ್ಟಿನ ಹೆಂಗಸು. ಅವರ ತಮ್ಮ ಮೀನು ಹಿಡಿಯುವವನು. ಅವರ ಮಗಳು ಬಂದವರಿಗೆ ನೀರಿನೊಳಗೆ ಇಳಿಯುವ ಡೈವಿಂಗ್ ಹೇಳಿಕೊಡುವವಳು. ಅಂದರೆ ನಮ್ಮ ಹರಕೆಯ ಮೂರು ಭಾಗವೂ ಒಂದೇ ಮನೆಯಲ್ಲಿ ಸಿಕ್ಕವು. ಕೋಣೆಯಲ್ಲಿ ಮಂಚದ ಮೇಲೆ ಮಂಚ. ಉಳಿದವರೆಲ್ಲ ಯೂರೋಪಿನ ಹುಡುಗ ಹುಡುಗಿಯರು, ಬಟ್ಟೆಯ ವಿಷಯದಲ್ಲಿ ಬಹಳ ಮಿತವ್ಯಯ. ನಮಗೆ ಕೆಳಗಿನ ಎರಡು ಮಂಚ ಬಿಟ್ಟುಕೊಟ್ಟರು ಪಾಪ. ಆದರೆ ಕೆಳಗಿನ ಮಂಚದಲ್ಲಿ ದೇವರನ್ನು ಇಟ್ಟರೆ ಮೇಲೆ ಮಲಗಿದವರ ಕಾಲು ದೇವರ ತಲೆಯ ಮೇಲೆ ಬರುತ್ತದೆ. ಹಾಗಾಗಿ ನಾನು ನಂಜುಂಡನ ಸಮೇತ ಮೇಲಿನ ಮಂಚ ಹತ್ತಿದೆ. ಹತ್ತುವಾಗ ಒಬ್ಬ ಹುಡುಗ ಕೆಳಗಿನಿಂದ ಎರಡೂ ಕೈ ಚಾಚಿ ನಿಂತಿರುತ್ತಿದ್ದ, ನಾನು ಬಿದ್ದರೆ ಹಿಡಿಯಲು. ಬಿದ್ದಿದ್ದರೆ ಅವನ ಗತಿ ಏನಾಗುತ್ತಿತ್ತೋ. ಬೀಳಲಿಲ್ಲ.

ಅಡುಗೆಮನೆ ಎಲ್ಲರಿಗೂ ಒಂದೇ. ಫ್ರಿಜ್ಜಿನ ಬಾಗಿಲು ತೆಗೆದರೆ ಮೀನು ನನ್ನನ್ನೇ ನೋಡುತ್ತಿತ್ತು. ಯಜಮಾನಿ ನಾನು ಹೊಸ ಪಾತ್ರೆಯಲ್ಲಿ ಅನ್ನಕ್ಕಿಡುವುದನ್ನು ಸೊಂಟಕ್ಕೆ ಕೈ ಕೊಟ್ಟು ನೋಡಿದರು.

“ಮೀನು ತಿನ್ನಲ್ಲ. ಕೋಳಿ ತಿನ್ನಲ್ಲ. ಮೊಟ್ಟೆನೂ ತಿನ್ನಲ್ಲ. ಮತ್ತೆ ಈ ದ್ವೀಪಕ್ಕೆ ಯಾಕಮ್ಮ ಬಂದೆ?”

ನನ್ನ ಮುರುಕು ಇಂಗ್ಲಿಷಿನಲ್ಲಿ, “ಗಂಡನಿಗೆ ಹೃದಯದ ತೊಂದರೆ ಆಗಿತ್ತು. ದೇವರಿಗೆ ಮಾತು ಕೊಟ್ಟಿದ್ದೆ” ಎಂದೆ.

“ಓ, ಹಾಗೋ” ಎಂದವರು ಆಮೇಲೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸಿಡ್ನಿ ಮೆಲ್ಬರ್ನ್ ಎರಡರಲ್ಲೂ ಯಾರಿಗೂ ಅರ್ಥವಾಗದ ವಿಷಯ, ಭಾನುವಾರ ತಪ್ಪದೆ ಚರ್ಚಿಗೆ ಹೋಗುವ ಆ ಹೆಂಗಸಿಗೆ ಒಂದೇ ಮಾತಿಗೆ ಅರ್ಥವಾಯಿತು. ನನಗೊಂದು ಒಲೆಯನ್ನೇ ಬೇರೆ ಮಾಡಿಕೊಟ್ಟರು. ಅಲ್ಲಿ ತೆಂಗಿನಕಾಯಿಗೆ ಬರವಿಲ್ಲ, ಬಾಳೆಕಾಯಿ ಬೇಕಾದಷ್ಟು, ದೀವಿ ಹಲಸು ಮರದಿಂದ ತಾನಾಗಿ ಬೀಳುತ್ತದೆ. ನಾನು ಅದಕ್ಕೆ ಹುಳಿ ಮಾಡಿದೆ. ರಾತ್ರಿ ಕುಡಿದು ಬೆಳಗ್ಗೆ ತಲೆ ಹಿಡಿದು ಕೂರುವ ಆ ಯೂರೋಪಿನ ಮಕ್ಕಳಿಗೆ ಮೆಣಸಿನ ಸಾರು ಹಿಡಿಸಿತು. ದಿನಾ ಬೆಳಗ್ಗೆ ಲೋಟ ಹಿಡಿದು ಸಾಲಾಗಿ ನಿಲ್ಲುತ್ತಿದ್ದವು. ಕುಡಿಯಬೇಡಿ ಎಂದು ಬುದ್ಧಿ ಹೇಳಿದೆ. ಸಾರು ಕುಡಿಯುತ್ತಾ ತಲೆ ಆಡಿಸಿದವು.

ಹರಕೆಯ ಮೊದಲನೆಯ ಭಾಗ ಗಾಳ. ನಮ್ಮ ಮನೆಯವರದು ವಿಚಿತ್ರ ಸಂಕಟ. ಗಾಳ ಹಾಕುವ ಆಸೆ, ಆದರೆ ಹುಟ್ಟಾ ಸಸ್ಯಾಹಾರಿ, ಜೀವಹಿಂಸೆ ಆಗದು. “ಗಾಳ ಹಾಕ್ತೀನಿ. ಮೀನು ಸಿಕ್ಕದ ಹಾಗೆ ನೀನು ದೇವರಿಗೆ ಹೇಳ್ಕೋ” ಎಂದು ನನಗೆ ಕೆಲಸ ಹಚ್ಚಿದರು. ಯಜಮಾನಿಯ ತಮ್ಮ ನಮ್ಮಿಬ್ಬರನ್ನೂ ದೋಣಿಯಲ್ಲಿ ಕರೆದುಕೊಂಡು ಹೋದ. ಇವರು ಹುಳು ಚುಚ್ಚಲೊಲ್ಲದೆ ಬರಿಯ ಕೊಕ್ಕೆಯನ್ನು ನೀರಿಗೆ ಬಿಟ್ಟು ಪಳಗಿದ ಮೀನುಗಾರನ ಹಾಗೆ ಎದೆಯುಬ್ಬಿಸಿ ಕೂತರು. ನಾನು ಕಣ್ಣು ಮುಚ್ಚಿ, “ನಂಜುಂಡಪ್ಪ, ಈ ದೋಣಿಗೆ ಒಂದು ಮೀನೂ ಬರದ ಹಾಗೆ ನೋಡ್ಕೋ” ಎಂದು ಪ್ರಾರ್ಥಿಸಿದೆ.

ಬರಲಿಲ್ಲ. ನಮ್ಮ ಮನೆಯವರಿಗೂ ಬರಲಿಲ್ಲ, ಹುಟ್ಟಿನಿಂದ ಆ ನೀರಿನಲ್ಲೇ ಬದುಕಿದ ಆ ಮನುಷ್ಯನಿಗೂ ಬರಲಿಲ್ಲ. ಬಿಸಿಲು ನೆತ್ತಿಗೆ ಬಂದರೂ ಅವನ ಬಲೆ, ಬುಟ್ಟಿ ಎರಡೂ ಖಾಲಿ. ಅವನು ನನ್ನ ಕಡೆ ನೋಡಿದ, ಮಿಸುಕಾಡುತ್ತಿದ್ದ ನನ್ನ ತುಟಿಯ ಕಡೆ ನೋಡಿದ. “ಅಮ್ಮ ಏನು ಹೇಳಿಕೊಳ್ತಿದ್ದಾರೆ?” ಎಂದು ನಮ್ಮ ಮನೆಯವರನ್ನು ಕೇಳಿದ. ಇವರು ಸುಳ್ಳು ಬಾರದೆ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟರು.

ಅವನು ಬಯ್ಯಲಿಲ್ಲ. ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡ. “ಅಮ್ಮ, ನನಗೂ ಸಂಸಾರ ಇದೆ” ಎಂದ.

ನನಗೆ ನಾಚಿಕೆಯಾಯಿತು. ಅಲ್ಲೇ ತಿದ್ದಿಕೊಂಡೆ. “ನಂಜುಂಡಪ್ಪ, ನಮ್ಮ ಮನೆಯವರ ಗಾಳಕ್ಕೆ ಮಾತ್ರ ಬೇಡ. ದೋಣಿಯವನ ಬಲೆಗೆ ಅವನ ಋಣ ಇದ್ದಷ್ಟು ಬರ್ಲಿ.” ಹೀಗೆ ಹೇಳುವಾಗ ನಾನು ಕೊಲೆಗೆ ಸುಪಾರಿ ಕೊಡುತ್ತಿದ್ದೇನೆಯೇ ಎಂಬ ಅನುಮಾನವೂ ಬಂತು. ಹಿಂತಿರುಗುವ ದಾರಿಯಲ್ಲಿ ಅವನ ಬಲೆ ಎಳೆಯಲಾರದಷ್ಟು ತುಂಬಿತ್ತು. ನಾನು ಕಣ್ಣು ಮುಚ್ಚಿಕೊಂಡೇ ಕೂತೆ, ಈ ಸಲ ಬೇರೆ ಕಾರಣಕ್ಕೆ. ಮಾರನೆಯ ದಿನದಿಂದ ಬೆಳಗ್ಗೆ ನಾನು ಪೂಜೆಗೆ ಕೂತರೆ ಕಿಟಕಿಯಾಚೆ ಮೀನುಗಾರರು ಟೋಪಿ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದರು. ಏಕಾದಶಿಯಾಗಲಿ ಸೋಮವಾರವಾಗಲಿ ಅವರಿಗೇನು? ನನ್ನ ಜನ್ಮದಲ್ಲಿ ಈರುಳ್ಳಿ ಬಿಟ್ಟ ದಿನಗಳೇ ಹೆಚ್ಚು, ಅಂಥ ನಾನು ಮೀನಿಗಾಗಿ ಮಂಗಳಾರತಿ ಎತ್ತುವ ಹಾಗಾಯಿತು. ನಮ್ಮ ಮನೆಯವರು, “ಮೆಲ್ಬರ್ನ್‌ನಲ್ಲಿ ಹೃದಯ, ಇಲ್ಲಿ ಮೀನು. ನಿನ್ನ ದೇವರಿಗೆ ಇಲಾಖೆ ಬದಲಾಯಿಸ್ಬಿಟ್ಟೆ ಕಣೇ” ಎಂದು ರೇಗಿಸಿದರು.

ಗಾಳ ಮುಗಿಯಿತು, ಅಗ್ಗದ ವಾಸ ಆಯಿತು. ಉಳಿದದ್ದು ಮುಳುಗುವುದು.

ಡೈವಿಂಗ್ ಹೇಳಿಕೊಡುವ ಆ ಮನೆಯ ಹುಡುಗಿ ಮಾತಿನಲ್ಲಿ ಕಟ್ಟುನಿಟ್ಟು. ಮರದ ನೆರಳಿನಲ್ಲಿ ನಮ್ಮನ್ನು ಕೂರಿಸಿ, ಉಬ್ಬಸ ಇದೆಯೇ, ಕಿವಿ ನೋವಿದೆಯೇ ಎಂದೆಲ್ಲ ಕೇಳಿದಳು. ನಮ್ಮ ಮನೆಯವರು ಎಲ್ಲದಕ್ಕೂ ಇಲ್ಲ ಎನ್ನುತ್ತಾ ಬಂದರು.

“ಹೃದಯದ ತೊಂದರೆ?”

ಇವರು ಸಮುದ್ರ ನೋಡುತ್ತಾ, “ಇಲ್ಲ” ಎಂದರು.

ಈ ಮನುಷ್ಯ ಸುಳ್ಳು ಹೇಳಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು. ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. “ಇದೆ, ಇದೆ! ಸ್ಟೆಂಟ್ ಹಾಕಿದ್ದಾರೆ. ಮೆಲ್ಬರ್ನ್‌ನಲ್ಲಿ” ಎಂದೆ. ಮೆಲ್ಬರ್ನ್ ಎಂದು ಯಾಕೆ ಸೇರಿಸಿದೆನೋ, ಬಹುಶಃ ಒಳ್ಳೆಯ ಕಡೆ ಹಾಕಿಸಿದ್ದೇವೆ ಎಂದು ತಿಳಿಯಲಿ ಎಂದು.

ಹುಡುಗಿ ಎದ್ದು ನಿಂತಳು. ಡೈವಿಂಗ್ ಮಾಡಬಹುದೆಂದು ಡಾಕ್ಟರು ಹೇಳದೆ ಮೊಣಕಾಲುದ್ದ ನೀರಿಗೂ ಕರೆದೊಯ್ಯುವುದಿಲ್ಲ ಎಂದಳು. ಇವರು ಎಷ್ಟು ಬೇಡಿಕೊಂಡರೂ ಜಗ್ಗಲಿಲ್ಲ. ಅವಳು ಮಾಡಿದ್ದು ಸರಿ. ನಾನು ಹೇಳಿದ್ದೂ ಸರಿ. ಆದರೆ ಭೂಮಿಯ ಅರ್ಧ ಸುತ್ತಿ ಬಂದು, ಕೊನೆಯ ಮೆಟ್ಟಿಲಲ್ಲಿ ನನ್ನ ಹರಕೆಗೆ ನಾನೇ ಕಲ್ಲು ಹಾಕಿಕೊಂಡಿದ್ದೆ.

ಅವತ್ತು ಸಂಜೆಯವರೆಗೂ ಅವರು ನನ್ನ ಜೊತೆ ಮಾತಾಡಲಿಲ್ಲ. ಮರಳಿನ ಮೇಲೆ ಕೂತು ಕಾಲಿನಿಂದ ಗುಂಡಿ ತೋಡುತ್ತಿದ್ದರು. ಪುಳಿಯೋಗರೆ ಕಲಸಿಕೊಂಡು ಹೋಗಿ ಪಕ್ಕದಲ್ಲಿಟ್ಟೆ.

“ಯಾಕೆ ಹೇಳ್ದೆ?” ಎಂದರು.

“ನೀವು ನೀರೊಳಗೇ ಹೋಗಿಬಿಟ್ರೆ ನಾನು ನಂಜುಂಡನನ್ನ ಏನಂತ ಕೇಳ್ಲಿ? ಒಂದ್ಸಲ ಕೊಟ್ಟಿದ್ದೀನಲ್ಲ ಅಂತಾನೆ.”

ಅವರು ಪುಳಿಯೋಗರೆ ತಿಂದರು, ಆದರೆ ಮುಖ ತಿರುಗಿಸಿಕೊಂಡೇ ತಿಂದರು.

ಹಾಸ್ಟೆಲಿನ ವೈಫೈ ಒಂದು ಬಾದಾಮಿ ಮರದ ಕೆಳಗೆ ಮಾತ್ರ ಸಿಗುತ್ತಿತ್ತು. ಅಲ್ಲಿ ನಿಂತು ಟೂಂಗಾಬಿಗೆ ಹಚ್ಚಿದೆ. ಪುರೋಹಿತರಿಗೆ ಆಗ ಆಫೀಸು ಶುರುವಾಗುವ ಹೊತ್ತು. “ಆಂಟಿ, ಐದು ನಿಮಿಷದಲ್ಲಿ ಮೀಟಿಂಗ್ ಇದೆ, ಬೇಗ” ಎಂದರು. ಬೇಗ ಬೇಗ ಹೇಳಿದೆ.

“ಅಂಕಲ್‌ಗೆ ಆಗಲ್ಲ ಅಂದ್ರೆ ನೀವು ಇಳೀರಿ.”

“ನಾನಾ?”

“ಹರಕೆ ಹೊತ್ತೋರು ನೀವು. ಮಗುಗೆ ಹುಷಾರಿಲ್ಲ ಅಂದ್ರೆ ತಾಯಿ ಉರುಳು ಸೇವೆ ಮಾಡಲ್ವಾ? ಹಾಗೇ. ನೀವು ಮುಳುಗಿ, ಅವರು ಹೇಗಾದ್ರೂ ನೋಡ್ಲಿ, ‘ತೀರಿತು’ ಅನ್ಲಿ. ಅಷ್ಟಾದ್ರೆ ಕ್ಲೋಸ್.”

“ನನಗೆ ಈಜೋಕೆ ಬರಲ್ಲ. ಕಪಿಲಾ ನದಿಯಲ್ಲೇ ಮೆಟ್ಟಿಲು ಬಿಟ್ಟು ಕೆಳಗೆ ಇಳಿದವಳಲ್ಲ ನಾನು.”

“ಮುಳುಗೋಕೆ ಈಜು ಯಾಕೆ ಆಂಟಿ? ಸರಿ, ನಮಸ್ಕಾರ” ಎಂದು ಮೀಟಿಂಗಿಗೆ ಹೋದರು.

ಹುಡುಗಿಯನ್ನು ಕೇಳಿದೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ನನಗೆ ಬಿಪಿ ಇಲ್ಲ, ಶುಗರ್ ಇಲ್ಲ, ಮೊಣಕಾಲು ಬಿಟ್ಟರೆ ದೇವರು ನನಗೆ ಏನೂ ಕಮ್ಮಿ ಮಾಡಿಲ್ಲ. ಈಜು ಬಾರದವರನ್ನು ಕೈ ಹಿಡಿದು, ಆಳವಿಲ್ಲದ ಕಡೆ, ಸ್ವಲ್ಪ ಮಾತ್ರ ಇಳಿಸಬಹುದು, ಮೊದಲು ದಡದಲ್ಲಿ ಉಸಿರಾಟ ಕಲಿಯಬೇಕು ಎಂದಳು. ಸೊಂಟದುದ್ದ ನೀರಿನಲ್ಲಿ ಮಂಡಿಯೂರಿಸಿ ಕಲಿಸಿದಳು. ಬಾಯಲ್ಲಿ ರಬ್ಬರಿನ ಕೊಳವೆ ಕಚ್ಚಿ ಬಾಯಲ್ಲೇ ಉಸಿರಾಡಬೇಕು, ಉಸಿರು ಹಿಡಿಯಬಾರದು. ನಾನು ಒಳಗೊಳಗೆ ಪಂಚಾಕ್ಷರಿ ಹೇಳಿಕೊಳ್ಳುವ ಬದಲು ರೂಢಿಯಂತೆ ತುಟಿ ಆಡಿಸಿಬಿಟ್ಟೆ, ಮೂರು ಗುಟುಕು ಉಪ್ಪುನೀರು ಒಳಗೆ ಹೋಯಿತು. “ಅಮ್ಮ, ಕೆಳಗೆ ಮಾತಾಡಬಾರದು” ಎಂದಳು. ದಡದಲ್ಲಿದ್ದ ನಮ್ಮ ಮನೆಯವರು ಎರಡು ದಿನಗಳಲ್ಲಿ ಮೊದಲ ಸಲ ನಕ್ಕರು. “ಇದನ್ನ ನಾನು ಮದುವೆಯಾದಾಗಿನಿಂದ ಹೇಳ್ತಿದ್ದೀನಿ ನೋಡಮ್ಮ” ಎಂದರು. ಮಾತು ಬಿಟ್ಟಿದ್ದವರು ಮಾತಾಡಿದರಲ್ಲ, ಉಪ್ಪುನೀರು ಕುಡಿದದ್ದೂ ಸಾರ್ಥಕವಾಯಿತು.

ಮಾರನೆಯ ಬೆಳಗ್ಗೆ ನನಗೆ ಆ ರಬ್ಬರ್ ಅಂಗಿ ತೊಡಿಸುವ ಕೆಲಸ ಯಜಮಾನಿಯದು. ಅವರು ಮುಂದಿನಿಂದ ಎಳೆದರು, ಸಾರು ಕುಡಿಯುವ ಇಬ್ಬರು ಹುಡುಗಿಯರು ಹಿಂದಿನಿಂದ ಅದುಮಿದರು. ಕೊನೆಗೆ ನಾನು ಒಳಗೆ ಹೋದೆ. ಡೈವಿಂಗ್ ಹುಡುಗಿ ಕತ್ತಿನಲ್ಲಿರುವುದನ್ನು ತೆಗೆಯಿರಿ ಎಂದಳು. ಮಾಂಗಲ್ಯ ತೆಗೆದು ಇಂಥ ಕೆಲಸಕ್ಕೆ ಇಳಿಯುವುದುಂಟೇ? ಯಜಮಾನಿಯೇ ಮಗಳನ್ನು ಗದರಿಸಿ, ಸರವನ್ನು ಅಂಗಿಯೊಳಗೆ ಸೇರಿಸಿ ಜಿಪ್ ಎಳೆದರು. ಆಮೇಲೆ ಸೊಂಟಕ್ಕೆ ಸೀಸದ ಬಿಲ್ಲೆಗಳ ಪಟ್ಟಿ ಕಟ್ಟಿದರು. ಇದ್ದ ಭಾರ ಮುಳುಗಲು ಸಾಲದಂತೆ. ನಮ್ಮ ಸಬರ್ಬಿನ ಡಾಕ್ಟರು ಪ್ರತಿ ಸಲ ತೂಕ ಇಳಿಸಿ ಎನ್ನುತ್ತಾರೆ, ಇಲ್ಲಿ ಕೂಡಿಸುತ್ತಾರೆ.

ನಮ್ಮ ಮನೆಯವರು ಮೇಲಿನಿಂದ ನೋಡುವುದು ಹೇಗೆ ಎಂಬುದನ್ನು ಯಜಮಾನಿಯ ತಮ್ಮ ಪರಿಹರಿಸಿದ. ಅವನ ಬಳಿ ತಳಕ್ಕೆ ಗಾಜು ಕೂಡಿಸಿದ ಒಂದು ಬಕೆಟ್ ಇತ್ತು. ದೋಣಿಯಿಂದ ಬಗ್ಗಿ ಅದನ್ನು ನೀರಿನ ಮೇಲಿಟ್ಟು ಒಳಗೆ ಮುಖ ಹಾಕಿದರೆ ಸಮುದ್ರದ ತಳ ಅಂಗೈಯಷ್ಟು ಸ್ಪಷ್ಟ. ಶಂಖ ಹುಡುಕಲು ಅವನು ಬಳಸುವುದಂತೆ. ಅದನ್ನು ನಮ್ಮ ಮನೆಯವರ ಕೈಗೆ ಕೊಟ್ಟ.

ಅವನ ದೋಣಿಯಲ್ಲಿ ಆಳವಿಲ್ಲದ ಒಂದು ಕಡೆ ಹೋಗಿ ನಿಂತೆವು. ಹುಡುಗಿ ನನ್ನ ಕೈ ಬಿಗಿಯಾಗಿ ಹಿಡಿದಳು. ನಾನು ನಂಜುಂಡನನ್ನು ನೆನೆದೆ. ಸಮುದ್ರ ಕಡೆದಾಗ ಬಂದ ವಿಷವನ್ನೇ ಕುಡಿದವನು, ನನ್ನಂಥ ಒಬ್ಬಳನ್ನು ನೋಡಿಕೊಳ್ಳುವುದು ಅವನಿಗೆ ಭಾರವಲ್ಲ. ಇಳಿದೆವು.

ಮೊದಲು ಕಿವಿಯಲ್ಲಿ ಕುಕ್ಕರ್ ಕೂಗುವ ಹಾಗೆ ಏನೋ. ಹೇಳಿಕೊಟ್ಟಂತೆ ಮೂಗು ಹಿಡಿದು ಊದಿದೆ, ನಿಂತಿತು. ಕಣ್ಣು ಬಿಟ್ಟೆ. ಏನು ಬೆಳಕು! ಎಷ್ಟೊಂದು ಮೀನು, ಹಳದಿ ಅಂಚಿನವು, ಕಪ್ಪು ಚೌಕುಳಿಯವು, ಧಾರೆ ಸೀರೆಯ ಅಂಗಡಿಯಲ್ಲಿ ಮೇಲಿಂದ ಮೇಲೆ ಬಿಚ್ಚಿ ಹಾಕಿದ ಹಾಗೆ. ಖುಷಿಗೆ ಹೆಬ್ಬೆರಳು ಎತ್ತಿ ತೋರಿಸಿದೆ. ಹುಡುಗಿ ತಕ್ಷಣ ನನ್ನನ್ನು ಮೇಲಕ್ಕೆ ತಂದುಬಿಟ್ಟಳು. ಹೆಬ್ಬೆರಳು ಎತ್ತಿದರೆ ‘ಮೇಲೆ ಕರೆದುಕೊಂಡು ಹೋಗು’ ಎಂದರ್ಥವಂತೆ. ದಡದಲ್ಲೇ ಹೇಳಿದ್ದಳು, ನಾನು ಮರೆತಿದ್ದೆ. ಮತ್ತೆ ಇಳಿದೆವು. ಈ ಸಲ ಒಂದು ಬಂಡೆಯ ಪಕ್ಕದಲ್ಲಿ ಒಂದು ದಪ್ಪ ನೀಲಿ ಮೀನು ಹವಳದ ಕಲ್ಲನ್ನು ಕಡಿದು ತಿನ್ನುತ್ತಿತ್ತು. ಚಕ್ಕುಲಿ ಕಡಿದ ಹಾಗೆ ಕರುಂ ಕುರುಂ ಸದ್ದು ನೀರಿನೊಳಗೂ ಕೇಳುತ್ತಿತ್ತು. ಅದು ತಿನ್ನುವುದು ನಿಲ್ಲಿಸಿ ನನ್ನ ಮುಖಕ್ಕೆ ಮುಖ ತಂದಿತು. ಮನೆಗೆ ಬಂದ ಹೊಸಬರು ಯಾರು ಎಂದು ನೋಡುವ ಹಿರಿಯ ಹೆಂಗಸಿನ ಮುಖ ಅದರದ್ದು. ಮಾತಾಡುವ ಹಾಗಿಲ್ಲವಲ್ಲ, ಎರಡೂ ಕೈ ಮುಗಿದೆ. ಕೈ ಮುಗಿಯಲು ಹುಡುಗಿಯ ಕೈ ಬಿಟ್ಟದ್ದರಿಂದ ಪಕ್ಕಕ್ಕೆ ಉರುಳಿದೆ. ಮೀನು ಹೋಯಿತು.

ದೋಣಿಯ ಬಳಿ ಮೇಲೆ ಬಂದು ಬಾಯಿಂದ ಕೊಳವೆ ತೆಗೆದೆ. “ನೋಡಿದ್ರೇನ್ರೀ? ಮೂತಿಗೆ ಮೂತಿ! ತೀರಿತೇನ್ರೀ?”

ಅವರು ಬಕೆಟ್ಟಿನಿಂದ ಮುಖ ಎತ್ತಿದರು. ಹಣೆಯ ಮೇಲೆ ಬಕೆಟ್ಟಿನ ಅಂಚು ದುಂಡಗೆ ಮೂಡಿತ್ತು. ಕಣ್ಣು ಕೆಂಪಗಿತ್ತು.

“ಮೀನಾ? ಯಾವ ಮೀನು?”

“ಅಯ್ಯೋ, ನೀಲಿದು! ನನ್ನ ಎದುರಿಗೇ ಇತ್ತಲ್ರೀ!”

“ನಾನು ನಿನ್ನ ಉಸಿರಿನ ಗುಳ್ಳೆನೇ ನೋಡ್ತಿದ್ದೆ ಕಣೇ. ಬರ್ತಾ ಇದೆಯೋ ನಿಂತ್ಹೋಯ್ತೋ ಅಂತ. ಬೇರೆ ಏನೂ ಕಾಣ್ಲೇ ಇಲ್ಲ.”

ಹುಡುಗಿ ಇದನ್ನು ಇಂಗ್ಲಿಷಿನಲ್ಲಿ ಹೇಳಿಸಿಕೊಂಡು ದೋಣಿಯ ಅಂಚು ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ಉಪ್ಪುನೀರಿನಲ್ಲಿ ನೆಂದಿದ್ದೆ, ಇನ್ನೊಂದಿಷ್ಟು ಉಪ್ಪುನೀರು ಕಣ್ಣಿಂದ ಬಂದರೂ ಯಾರಿಗೂ ಗೊತ್ತಾಗಲಿಲ್ಲ. ಆದರೆ ಹರಕೆ ಹರಕೆಯೇ. “ಸುಳ್ಳು ತೀರಿತು ಬೇಡ ನನಗೆ. ಇನ್ನೊಂದ್ಸಲ ಹೋಗ್ತೀನಿ. ನನ್ನ ಗುಳ್ಳೆ ಈ ಹುಡುಗಿ ನೋಡ್ಕೋತಾಳೆ. ನೀವು ಮೀನು ನೋಡಿ” ಎಂದು ಕೊಳವೆ ಕಚ್ಚಿದೆ.

ಮತ್ತೆ ಇಳಿದೆವು. ಅದೇ ಮೀನೋ ಅದರ ನೆಂಟರೋ, ಅದೇ ಬಂಡೆಗೆ ಬಂದಿತ್ತು. ನಾನು ಪಕ್ಕಕ್ಕೆ ಸರಿದು, ಶಾಸ್ತ್ರಕ್ಕೆ ಕೂತ ಹೆಣ್ಣನ್ನು ಗಂಡಿನ ಕಡೆಯವರಿಗೆ ತೋರಿಸುವ ಹಾಗೆ ಅದನ್ನು ತೋರಿಸಿದೆ. ಮೇಲೆ ನೋಡಿದೆ. ನೀರಿನ ಛಾವಣಿಯಲ್ಲಿ ಒಂದು ದುಂಡನೆಯ ಗಾಜು, ಅದರೊಳಗೆ ನಮ್ಮ ಮನೆಯವರ ಮುಖ, ಬಾಯಿ ತೆರೆದುಕೊಂಡು ಕಣ್ಣು ಅಗಲಿಸಿಕೊಂಡಿತ್ತು. ಮೀನೂ ಕತ್ತು ಓರೆ ಮಾಡಿ ಮೇಲೆ ನೋಡಿತು. ಇಬ್ಬರೂ ಒಬ್ಬರನ್ನೊಬ್ಬರು ಬಹಳ ಹೊತ್ತು ನೋಡಿದರು. ನನ್ನ ಕಡೆ ಇಬ್ಬರೂ ನೋಡಲಿಲ್ಲ.

ನನ್ನನ್ನು ನಾಲ್ಕು ಕೈ ಸೇರಿ ದೋಣಿಗೆ ಎಳೆದು ಹಾಕಿದಾಗ ಅವರು ಬಕೆಟ್ಟನ್ನು ಎದೆಗೆ ಅಪ್ಪಿಕೊಂಡು ಕೂತಿದ್ದರು. ತುಟಿ ಅಲ್ಲಾಡಿತು. ನನ್ನ ಕಿವಿಯ ತುಂಬ ನೀರು.

“ಏನಂದ್ರಿ? ಕೇಳಿಸ್ಲಿಲ್ಲ. ಜೋರಾಗಿ ಹೇಳಿ.”

ಅವರು ಮತ್ತೆ ಏನೋ ಅಂದರು.

“ಇನ್ನೂ ಜೋರು! ನಂಜುಂಡನಿಗೂ ಕೇಳಿಸ್ಬೇಕು!”

ಯಜಮಾನಿಯ ತಮ್ಮ ಅವರ ಸೊಂಟ ಹಿಡಿದುಕೊಂಡ. ಉಪ್ಪು ಬೇಕೆಂದು ಕೇಳದ ಮನುಷ್ಯ ಅಲ್ಲಾಡುವ ದೋಣಿಯಲ್ಲಿ ಎದ್ದು ನಿಂತು, ಬಕೆಟ್ ತಲೆಯ ಮೇಲೆತ್ತಿ, “ತೀರಿತು! ತೀರಿತು ಕಣೇ!” ಎಂದು ಕೂಗಿದರು.

ದೂರದ ದೋಣಿಗಳಲ್ಲಿದ್ದ ಮೀನುಗಾರರು ಅದನ್ನು ನನ್ನ ಬೆಳಗಿನ ಪೂಜೆಯ ಮುಂದುವರಿದ ಭಾಗ ಎಂದುಕೊಂಡರೇನೋ. ಟೋಪಿ ತೆಗೆದು ಎಲ್ಲರೂ ಒಟ್ಟಿಗೆ, “ತೀರಿತೂ!” ಎಂದು ತಿರುಗಿ ಕೂಗಿ ಬಲೆ ಬೀಸಿದರು.